ಎರಡು ಮನೆಗೆ ಒಂದೇ ವಿಳಾಸ



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದು ಒಂದು ಸಲಹೆ ಕೇಳಿದ್ದರು. ಅವರ ಮಗ ಪದವಿ ಮುಗಿಸಿದ್ದಾನೆ. ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಹೊಂದಿಸುವ ಕೆಲಸವನ್ನು ಕಲಿಯಬೇಕೆಂದು ಆತನ ಆಸೆ. ಮೂರೇ ತಿಂಗಳಲ್ಲಿ ಪ್ರಮಾಣಪತ್ರ ಕೊಡಿಸುವುದಾಗಿ ತರಬೇತಿ ಕೇಂದ್ರವೊಂದು ಭರವಸೆ ಕೊಟ್ಟಿದೆಯಂತೆ. “ಸೇರಿಸಬಹುದೇ ಸಾರ್?” ಎಂಬುದು ಅವರ ಪ್ರಶ್ನೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಹಳಗನ್ನಡ, ವ್ಯಾಕರಣ, ಛಂದಸ್ಸುಗಳನ್ನು ಹೇಳಿಕೊಟ್ಟವನಿಗೆ ಈ ಪ್ರಶ್ನೆ ಬಂದದ್ದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆದರೆ 2006ರಲ್ಲಿ ನಿವೃತ್ತನಾದ ಮೇಲೆ, ಪರಿಸ್ಥಿತಿಯ ಒತ್ತಡದಿಂದ, ನಾನು ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತದ್ದು ಬಂಧುಗಳಿಗೆಲ್ಲ ಗೊತ್ತು. ಪರಿಣತನೆಂದು ಹೇಳಿಕೊಳ್ಳಲಾರೆ. ಆದರೂ ಕಲಿಯುವುದು ಹೇಗೆ, ಕಲಿಸುವುದು ಹೇಗೆ ಎಂಬ ವಿಷಯದಲ್ಲಿ ಮಾತನಾಡುವ ಅಧಿಕಾರ ಮೇಷ್ಟ್ರಿಗೆ ಇದ್ದೇ ಇರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಗುಂಡಿ ಒತ್ತಬೇಕು, ಯಾವ ಚೌಕದಲ್ಲಿ ಯಾವ ಅಂಕೆ ತುಂಬಬೇಕು ಎಂಬುದನ್ನಷ್ಟೇ ಬಾಯಿಪಾಠ ಮಾಡಿಸುವ ಕಡೆಗೆ ಮಕ್ಕಳನ್ನು ಕಳುಹಿಸಬೇಡಿ. ಆ ಅಂಕೆ ಅಲ್ಲಿ ಏಕೆ ಎಂದು ತಿಳಿಸುವ, ತುಂಬಿದ್ದನ್ನು ಬರೆದಿಡಲು ಕಲಿಸುವ ಗುರು ಸಿಕ್ಕಿದರೆ, ಪ್ರಮಾಣಪತ್ರ ಇಲ್ಲದಿದ್ದರೂ ಕಳುಹಿಸಿ. ಹೀಗೆ ಹೇಳಲು ಕಾರಣವಾದ ಒಂದು ಪ್ರಸಂಗವಿದೆ. ಅದರಲ್ಲಿ ಒಬ್ಬ ಹಿರಿಯರ ಮಾನದ ಪ್ರಶ್ನೆಯೂ, ನನ್ನದೇ ಒಂದು ತಪ್ಪಿನ ಕತೆಯೂ ಸೇರಿಕೊಂಡಿವೆ.

ನನ್ನ ತಂಗಿಯ ಮಗನದು ಸಾಗರದ ಕಡೆ ಒಂದು ಅಡಿಕೆ ಮಂಡಿ. 2008ರಲ್ಲಿ ಅಲ್ಲಿಗೆ ಒಂಬತ್ತು ಕಂಪ್ಯೂಟರುಗಳು ಬಂದವು. ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ಬೆಳೆಗಾರರ ಮಾಲನ್ನು ತೂಗಿ ಲಾಟು ಮಾಡುವುದು, ಟೆಂಡರಿನಲ್ಲಿ ಬಂದ ದರ ಬರೆಯುವುದು, ಪಟ್ಟಿ ಮಾಡಿ ಹಣ ಪಾವತಿಸುವುದು ಎಲ್ಲವೂ ಅವುಗಳಲ್ಲೇ ಆಗತೊಡಗಿತು. ಲೆಕ್ಕವೆಲ್ಲ ಒಳಕೋಣೆಯ ಒಂದು ಯಂತ್ರದಲ್ಲಿ ಶೇಖರವಾಗುತ್ತಿತ್ತು. ಉಳಿದ ಎಂಟು ಯಂತ್ರಗಳು ಕೇಬಲ್ಲಿನ ಮೂಲಕ ಅದನ್ನು ತಲುಪುತ್ತಿದ್ದವು. ಇದನ್ನೆಲ್ಲ ಹೊಂದಿಸಿಕೊಟ್ಟವನು ಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ಕಲಿತು ಬಂದ ಯುವಕ. ಆತ ನನ್ನ ವಿದ್ಯಾರ್ಥಿಯೇ. ಈ ಬರಹಗಳನ್ನು ಓದುವವನೂ ಹೌದು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮರುವರ್ಷ ಮಂಡಿಗೆ ಬ್ರಾಡ್‌ಬ್ಯಾಂಡ್ ಬಂತು. ಅದರ ಮೋಡೆಮನ್ನೂ ಆತನೇ ಜೋಡಿಸಿದ. ನನ್ನ ಸೋದರಳಿಯ ಒಂದು ಲ್ಯಾಪ್‌ಟಾಪ್ ಕೊಂಡ. ಅದಾದ ಕೆಲವೇ ದಿನಗಳಲ್ಲಿ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ತೊಂದರೆ ಆರಂಭವಾದದ್ದು ಆನಂತರ.

ಮಂಡಿಯ ಮೊದಲ ಮೇಜಿನಲ್ಲಿ ಕೂರುತ್ತಿದ್ದವರು ಹಿರಿಯ ಗುಮಾಸ್ತರು. ನನ್ನ ಭಾವನವರ ಕಾಲದಿಂದ ಅಲ್ಲಿದ್ದವರು. ಖಾತೆಯ ಪುಸ್ತಕದಲ್ಲಿ ಅವರ ಅಕ್ಷರ ಅಚ್ಚು ಹಾಕಿದಂತಿರುತ್ತಿತ್ತು. ಅರವತ್ತರ ಹತ್ತಿರ ಬಂದ ವಯಸ್ಸಿನಲ್ಲಿ ಹಟದಿಂದ ಕಂಪ್ಯೂಟರ್ ಕಲಿತಿದ್ದರು. ಆದರೆ ಅವರ ಯಂತ್ರ ಮಾತ್ರ ಕೆಲವು ದಿನ ಲೆಕ್ಕದ ಕಡತವನ್ನು ತೆರೆಯುತ್ತಲೇ ಇರಲಿಲ್ಲ. ಅದೂ ಯಾವ ದಿನ? ಟೆಂಡರಿನ ದಿನ, ಬೆಳೆಗಾರರು ಪಟ್ಟಿಗಾಗಿ ಸಾಲು ನಿಂತ ದಿನ. ಬೇರೆ ದಿನಗಳಲ್ಲಿ ಏನೂ ತೊಂದರೆಯಿಲ್ಲ. ನೋಡಲು ಬಂದ ರಿಪೇರಿಯವರಿಗೂ ದೋಷ ಕಾಣಲಿಲ್ಲ. ಏಕೆಂದರೆ ಅವರು ಬರುತ್ತಿದ್ದುದು ಟೆಂಡರಿಲ್ಲದ ದಿನ, ಮಧ್ಯಾಹ್ನದ ಹೊತ್ತಿಗೆ. ಕೊನೆಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು. ಜನ ಸೇರಿದಾಗ ಇವರಿಗೆ ಗಾಬರಿಯಾಗುತ್ತದೆ, ಏನನ್ನೋ ಒತ್ತಿ ಕೆಡಿಸುತ್ತಾರೆ, ವಯಸ್ಸಾಯಿತು ನೋಡಿ. ಮಂಡಿಯ ಹುಡುಗರು ಮುಸಿಮುಸಿ ನಗುತ್ತಿದ್ದರು. ನನ್ನ ಸೋದರಳಿಯ ಕೆಟ್ಟವನಲ್ಲ. ಆದರೂ ಒಂದು ದಿನ, “ನಾಳೆಯಿಂದ ನೀವು ಗೋದಾಮಿನ ಕಡೆ ನೋಡಿಕೊಳ್ಳಿ” ಎಂದುಬಿಟ್ಟ.

ನಾನು ಆ ದಿನ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಗುಮಾಸ್ತರು ಗೋದಾಮಿನ ಚೀಲಗಳ ನಡುವೆ, ಊಟದ ಬುತ್ತಿಯನ್ನು ಬಿಚ್ಚದೆ ಮುಂದಿಟ್ಟುಕೊಂಡು ಕುಳಿತಿದ್ದರು. “ನಾನು ಏನೂ ಒತ್ತುವುದಿಲ್ಲ ಮೇಷ್ಟ್ರೇ. ಮೂಲೆಯಲ್ಲಿ ಒಂದು ಸಣ್ಣ ಚೌಕ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಇರುತ್ತದೆ. ಅದನ್ನು ಮುಚ್ಚುತ್ತೇನೆ, ಅಷ್ಟೆ. ಹಾಗೆ ಬಂದರೆ ಮುಚ್ಚಿಬಿಡಿ ಎಂದು ಮೊದಲೇ ಹೇಳಿದ್ದರು” ಎಂದರು. ಮುಂದಿನ ಟೆಂಡರಿನ ದಿನ ಬೆಳಿಗ್ಗೆ ನಾನೇ ಅವರ ಯಂತ್ರದ ಮುಂದೆ ಕುಳಿತೆ. ಚೌಕ ಬಂತು. ಅದರಲ್ಲಿದ್ದ ಮಾತಿನ ತಾತ್ಪರ್ಯ ಇಷ್ಟು: ನಿಮ್ಮ ಯಂತ್ರದ ವಿಳಾಸಕ್ಕೂ ಜಾಲದಲ್ಲಿರುವ ಮತ್ತೊಂದು ಯಂತ್ರದ ವಿಳಾಸಕ್ಕೂ ಘರ್ಷಣೆಯಾಗಿದೆ.

ಇಂಗ್ಲಿಷ್ ಅರ್ಥವಾಯಿತು, ವಿಷಯ ಅರ್ಥವಾಗಲಿಲ್ಲ. ಯಂತ್ರಕ್ಕೆಂಥ ವಿಳಾಸ? ಅದನ್ನು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು. ಶಿವಮೊಗ್ಗದಿಂದ ಒಂದು ಪುಸ್ತಕ ತರಿಸಿದೆ. ಮೊದಲ ಅಧ್ಯಾಯದಲ್ಲೇ ಸಂಕ್ಷೇಪಾಕ್ಷರಗಳ ಕಾಡು. ಪ್ರತಿ ಪುಟದಲ್ಲೂ “ಇಲ್ಲಿ ಇದನ್ನು ಟೈಪಿಸಿ, ಅಲ್ಲಿ ಅದನ್ನು ಒತ್ತಿ” ಎಂಬ ಸೂಚನೆ. ಏಕೆಂದು ಎಲ್ಲೂ ಇಲ್ಲ. ಪುಸ್ತಕವನ್ನು ಮುಚ್ಚಿ, ನನಗೆ ಗೊತ್ತಿದ್ದ ವಿಷಯದಿಂದ ಹೊರಡೋಣವೆಂದು ನಿಶ್ಚಯಿಸಿದೆ. ಯಾವ ವಿದ್ಯೆಗಾದರೂ ಪ್ರವೇಶದ್ವಾರ ಅದೇ ಅಲ್ಲವೇ?

ಗುಮಾಸ್ತರ ಯಂತ್ರದ ವಿಳಾಸ 192.168.1.2 ಎಂದಿತ್ತು. ನಾಲ್ಕು ಅಂಕೆಗಳು, ನಡುವೆ ಚುಕ್ಕೆ. ಒಂದೊಂದು ಅಂಕೆಯೂ 0ಯಿಂದ 255ರ ಒಳಗೇ ಇರಬೇಕೆಂಬುದು ನಿಯಮ. 255 ಏಕೆ? 300 ಏಕಾಗಬಾರದು? ಇದನ್ನು ಯೋಚಿಸುತ್ತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಥಟ್ಟನೆ ಹೊಳೆಯಿತು. ಇದು ನಮ್ಮ ಛಂದಸ್ಸಿನ ಪ್ರಸ್ತಾರ! ನಿಮಗೆಲ್ಲ ಅಕ್ಷರಗಣಗಳು ನೆನಪಿರಬೇಕು: ಮ, ನ, ಭ, ಯ, ಜ, ರ, ಸ, ತ. ಮೂರು ಅಕ್ಷರಗಳು, ಒಂದೊಂದೂ ಗುರುವಾಗಿರಬಹುದು ಅಥವಾ ಲಘುವಾಗಿರಬಹುದು. ಒಂದು ಸ್ಥಾನಕ್ಕೆ ಎರಡು ಬಗೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಆದ್ದರಿಂದಲೇ ಗಣಗಳು ಎಂಟು. ಒಂಬತ್ತನೆಯದು ಸಾಧ್ಯವೇ ಇಲ್ಲ. ಕಂಪ್ಯೂಟರಿಗೂ ಗೊತ್ತಿರುವುದು ಎರಡೇ ಅಕ್ಷರ, ಒಂದು ಮತ್ತು ಸೊನ್ನೆ. ವಿಳಾಸದ ಒಂದೊಂದು ಭಾಗಕ್ಕೂ ಅಂಥ ಎಂಟು ಸ್ಥಾನಗಳಿವೆ. ಇಮ್ಮಡಿಸುತ್ತ ಹೋಗಿ: 2, 4, 8, 16, 32, 64, 128, 256. ಸೊನ್ನೆಯಿಂದ ಎಣಿಸಿದರೆ 255ಕ್ಕೆ ಮುಗಿಯುತ್ತದೆ. ಎಂಟೂ ಸ್ಥಾನ ಗುರುವಾದರೆ 255, ಎಂಟೂ ಲಘುವಾದರೆ 0. ಅಷ್ಟೇ ರಹಸ್ಯ. ಪಿಂಗಲನ ಛಂದಃಶಾಸ್ತ್ರದಿಂದ ಬಂದ ಗುರುಲಘುಗಳ ಲೆಕ್ಕಾಚಾರ ಅಡಿಕೆ ಮಂಡಿಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು!

ಆ ಮೇಲೆ ಒಂದೊಂದೇ ಗಂಟು ಬಿಚ್ಚಿಕೊಂಡಿತು. ವಿಳಾಸದ ಕೆಳಗೆ 255.255.255.0 ಎಂಬ ಇನ್ನೊಂದು ಸಾಲಿತ್ತು. ಇದಕ್ಕೆ ಸಬ್‌ನೆಟ್ ಮಾಸ್ಕ್ ಎನ್ನುತ್ತಾರೆ. ಇದನ್ನು ನಾನು ಅಂಚೆಯ ಪಿನ್ ಕೋಡಿನಿಂದ ಅರ್ಥಮಾಡಿಕೊಂಡೆ. 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಜಾರಿಗೆ ಬಂದ ಆರು ಅಂಕೆಗಳ ಈ ಪದ್ಧತಿಯನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಯೂ ಆಗಿದ್ದರೆಂಬುದು ನನ್ನಂಥವರಿಗೆ ಹೆಮ್ಮೆಯ ವಿಷಯ. ಶಿವಮೊಗ್ಗದ್ದು 577201, ಸಾಗರದ್ದು 577401. ಮೊದಲ ಮೂರು ಅಂಕೆ ಪತ್ರಗಳನ್ನು ವಿಂಗಡಿಸುವ ಪ್ರದೇಶವನ್ನೂ, ಉಳಿದ ಮೂರು ನಿರ್ದಿಷ್ಟ ಅಂಚೆ ಕಚೇರಿಯನ್ನೂ ತೋರಿಸುತ್ತವೆ. ಮಾಸ್ಕ್ ಮಾಡುವುದೂ ಇದನ್ನೇ. ವಿಳಾಸದಲ್ಲಿ ಎಷ್ಟು ಭಾಗ ಕೇರಿಯ ಹೆಸರು, ಎಷ್ಟು ಭಾಗ ಮನೆಯ ಸಂಖ್ಯೆ ಎಂದು ಅದು ಗೆರೆ ಎಳೆಯುತ್ತದೆ. 255 ಇರುವ ಕಡೆ ಕೇರಿ, 0 ಇರುವ ಕಡೆ ಮನೆ. ಪತ್ರ ಅದೇ ಕೇರಿಯದಾದರೆ ನೇರವಾಗಿ ಮನೆಗೆ ತಲುಪುತ್ತದೆ. ಬೇರೆ ಕೇರಿಯದಾದರೆ ಊರಬಾಗಿಲಿಗೆ ಹೋಗುತ್ತದೆ. ಗೇಟ್‌ವೇ ಎಂಬ ಮೂರನೆಯ ಸಾಲು ಆ ಊರಬಾಗಿಲಿನ ವಿಳಾಸ. ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನಾಲ್ಕನೆಯ ಸಾಲು. ಊರಿನ ಪೋಸ್ಟ್‌ಮ್ಯಾನ್ ಇದ್ದಂತೆ. ಹೆಸರು ಹೇಳಿದರೆ ಸಾಕು, ಮನೆ ಅವನಿಗೆ ಗೊತ್ತು.

ಒಂದು ಯಂತ್ರ ಇನ್ನೊಂದನ್ನು ತಲುಪುತ್ತಿದೆಯೇ ಎಂದು ಪರೀಕ್ಷಿಸಲು ಪಿಂಗ್ ಎಂಬ ಪುಟ್ಟ ಸಾಧನವಿದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ಅದನ್ನು ಬರೆದರು. ಜಲಾಂತರ್ಗಾಮಿಗಳು ಧ್ವನಿ ಹೊರಡಿಸಿ, ಅದರ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಗುರುತಿಸುತ್ತವಷ್ಟೆ. ಆ ಸದ್ದೇ ಸಾಧನದ ಹೆಸರಾಯಿತು. ನಮ್ಮ ಮಲೆನಾಡಿನವರಿಗೆ ಜಲಾಂತರ್ಗಾಮಿಯ ಹೋಲಿಕೆ ಬೇಡ. ಈ ಗುಡ್ಡದಿಂದ “ಕೂ” ಎಂದು ಕೂಗಿ, ಆ ಗುಡ್ಡದಿಂದ “ಕೂ” ಬಂದರೆ ಅಲ್ಲಿ ಜನರಿದ್ದಾರೆ ಎಂದು ತಿಳಿಯುವವರು ನಾವು. ಪಿಂಗ್ ಎಂದರೆ ಅದೇ ಕೂಗು.

ಇಷ್ಟು ತಿಳಿದ ಮೇಲೆ ಟೆಂಡರಿನ ದಿನದ ಒಗಟು ತಾನಾಗಿ ಬಿಡಿಸಿಕೊಂಡಿತು. ಹುಡುಗ 2008ರಲ್ಲಿ ಒಂಬತ್ತು ಯಂತ್ರಗಳಿಗೂ 192.168.1.2ರಿಂದ 192.168.1.10ರವರೆಗೆ ಕೈಯಾರೆ ವಿಳಾಸ ಬರೆದಿದ್ದ. ಆಗ ಅದು ಸರಿಯಾಗಿಯೇ ಇತ್ತು. ಮರುವರ್ಷ ಬಂದ ಮೋಡೆಮಿನೊಳಗೆ ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಯೊಂದಿತ್ತು. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಯಾತ್ರಾಸ್ಥಳದ ಛತ್ರವನ್ನು ನೆನೆಸಿಕೊಳ್ಳಿ. ಮೇಲ್ವಿಚಾರಕ ತನ್ನ ಪುಸ್ತಕ ನೋಡಿ, ಖಾಲಿ ಕೋಣೆಯ ಕೀಲಿಯನ್ನು ಬಂದವರಿಗೆ ಕೊಡುತ್ತಾನೆ. ಆದರೆ ನಮ್ಮ ಒಂಬತ್ತು ಅತಿಥಿಗಳು ಮೇಲ್ವಿಚಾರಕ ನೇಮಕವಾಗುವ ಮೊದಲೇ ಕೋಣೆ ಹಿಡಿದವರು. ಅವನ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ.

ಸಿಡಿಲಿನ ಭಯದಿಂದ ಮಂಡಿಯಲ್ಲಿ ದಿನವೂ ರಾತ್ರಿ ಮೋಡೆಮಿನ ವೈರು ಕೀಳುತ್ತಿದ್ದರು. ಹೀಗಾಗಿ ಪ್ರತಿ ಬೆಳಿಗ್ಗೆ ಮೇಲ್ವಿಚಾರಕನದು ಹೊಸ ಪುಸ್ತಕ. ಮೊದಲ ಕೋಣೆಯಿಂದ ಹಂಚಿಕೆ. ಟೆಂಡರಿನ ದಿನ ನನ್ನ ಸೋದರಳಿಯ ಎಲ್ಲರಿಗಿಂತ ಮೊದಲು ಬಂದು ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಅದಕ್ಕೆ ಮೊದಲ ಕೋಣೆ, ಅಂದರೆ 192.168.1.2, ಸಿಗುತ್ತಿತ್ತು. ಅದು ಗುಮಾಸ್ತರ ಮನೆ! ಒಂಬತ್ತೂವರೆಗೆ ಅವರು ಬಂದು ತಮ್ಮ ಯಂತ್ರವನ್ನು ಚಾಲೂ ಮಾಡಿದರೆ, ಅದು ಮೊದಲು ಜಾಲದೊಳಗೆ ಕೂಗಿ ನೋಡುತ್ತಿತ್ತು: ಈ ವಿಳಾಸದಲ್ಲಿ ಬೇರೆ ಯಾರಾದರೂ ಇದ್ದೀರಾ? “ನಾನಿದ್ದೇನೆ” ಎಂದು ಲ್ಯಾಪ್‌ಟಾಪ್ ಓಗೊಡುತ್ತಿತ್ತು. ಗುಮಾಸ್ತರ ಯಂತ್ರ ಸಭ್ಯತೆಯಿಂದ ಹಿಂದೆ ಸರಿದು ಆ ವಿಷಯವನ್ನು ಚೌಕದಲ್ಲಿ ಬರೆದು ತಿಳಿಸುತ್ತಿತ್ತು. ಬೇರೆ ದಿನಗಳಲ್ಲಿ ನನ್ನ ಸೋದರಳಿಯ ಬರುತ್ತಿದ್ದುದೇ ಹನ್ನೊಂದರ ಮೇಲೆ. ಅಷ್ಟರಲ್ಲಿ ಒಂಬತ್ತೂ ಮನೆಗಳು ಭರ್ತಿಯಾಗಿರುತ್ತಿದ್ದವು. ಲ್ಯಾಪ್‌ಟಾಪಿಗೆ ಮುಂದಿನ ಅಂಕೆ ಸಿಗುತ್ತಿತ್ತು. ತಗಾದೆಯೇ ಇಲ್ಲ.

ಮೋಡೆಮಿನ ಪುಟ ತೆರೆದು, ಹಂಚುವ ವಿಳಾಸಗಳು 100ರಿಂದ ಆರಂಭವಾಗುವಂತೆ ಬದಲಾಯಿಸಿದೆ. ಅರ್ಧ ನಿಮಿಷದ ಕೆಲಸ. ಮುಂದಿನ ಟೆಂಡರಿನ ದಿನ ಲ್ಯಾಪ್‌ಟಾಪೂ ನಡೆಯಿತು, ಗುಮಾಸ್ತರ ಯಂತ್ರವೂ ನಡೆಯಿತು. ಸೋದರಳಿಯ ನನ್ನ ಮುಖ ನೋಡಿದ. “ಹಾಗಾದರೆ ಇಷ್ಟು ದಿನ ತೊಂದರೆ ಕೊಟ್ಟದ್ದು ನನ್ನ ಲ್ಯಾಪ್‌ಟಾಪೇ ಮಾವ?” ಎಂದ. ನಾನು ಉತ್ತರಿಸಲಿಲ್ಲ. ಅವನೇ ಎದ್ದು ಗೋದಾಮಿಗೆ ಹೋಗಿ ಗುಮಾಸ್ತರನ್ನು ಕರೆತಂದು ಮೊದಲ ಮೇಜಿನಲ್ಲಿ ಕೂರಿಸಿದ.

ಸಂಜೆ ಗುಮಾಸ್ತರು ನನ್ನನ್ನು ಕೇಳಿದ್ದು ಒಂದೇ ಮಾತು. “ಮೇಷ್ಟ್ರೇ, ಆ ಚೌಕದಲ್ಲಿ ಏನು ಬರೆದಿರುತ್ತಿತ್ತು?” ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಅದು ನನ್ನನ್ನು ಬೈಯುತ್ತಿರಲಿಲ್ಲ” ಎಂದರು.

ಆ ಮಾತನ್ನು ಇಂದಿಗೂ ಮರೆತಿಲ್ಲ. ನಾಲ್ಕು ತಿಂಗಳ ಕಾಲ ಯಂತ್ರ ನಿಜವನ್ನೇ ಹೇಳುತ್ತಿತ್ತು. ಓದಿ ತಿಳಿಸುವವರಿಲ್ಲದೆ, ಒಬ್ಬ ಪ್ರಾಮಾಣಿಕ ಮನುಷ್ಯ ತನ್ನನ್ನೇ ತಪ್ಪಿತಸ್ಥನೆಂದು ನಂಬಿಬಿಟ್ಟಿದ್ದ. ಕಂಪ್ಯೂಟರುಗಳನ್ನು ಹೊಂದಿಸುವುದು ಬರಿಯ ತಾಂತ್ರಿಕ ಕೆಲಸವೆಂದು ಹೇಳುವವರಿಗೆ ನಾನು ಈ ಕತೆ ಹೇಳುತ್ತೇನೆ. ಹೊಂದಿಸಿದವನ ಅರಿವಿನಲ್ಲಿ ಕೊರತೆಯಿದ್ದರೆ ಅದರ ದಂಡವನ್ನು ತೆರುವವನು ಬಳಸುವವನು. ಅದರಲ್ಲೂ ವಯಸ್ಸಾದವನು, ಇಂಗ್ಲಿಷ್ ಬಾರದವನು, ಎದುರು ಮಾತನಾಡಲಾರದವನು.

ಆ ವರ್ಷ ದೀಪಾವಳಿಗೆ ಊರಿಗೆ ಬಂದ ಹುಡುಗನನ್ನು ಕರೆದು ಎಲ್ಲವನ್ನೂ ತಿಳಿಸಿದೆ. ಅವನ ಮುಖ ಬಾಡಿತು. “ನಮಗೆ ಹೇಳಿಕೊಟ್ಟದ್ದೇ ಹಾಗೆ ಸಾರ್. ಈ ಚೌಕದಲ್ಲಿ ಈ ನಂಬರು ಹಾಕು, ಮುಂದಿನದಕ್ಕೆ ಒಂದು ಕೂಡಿಸು ಅಂದರು. ಹಾಕಿದೆ. ಮೋಡೆಮ್ ತಾನಾಗಿ ನಂಬರು ಕೊಡುತ್ತದೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ” ಎಂದ. ನಾನು ಉತ್ಸಾಹದಿಂದ ಗಣಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು, 255 ಹೇಗೆ ಬಂತೆಂದು ತೋರಿಸಿದೆ. ಬಹಳ ಹೊತ್ತು ನೋಡಿ, ಸಂಕೋಚದಿಂದಲೇ, “ಗಣಗಳು ಎಂಟೇ ಏಕೆ ಎಂದು ನೀವು ಕ್ಲಾಸಿನಲ್ಲಿ ಹೇಳಿದ ನೆನಪಿಲ್ಲ ಸಾರ್. ಬಾಯಿಪಾಠ ಒಪ್ಪಿಸಿದ್ದು ನೆನಪಿದೆ” ಎಂದ.

ಅವನ ಮಾತು ಸತ್ಯ. ನಾನು ಹೇಳಿರಲಿಲ್ಲ. ಪರೀಕ್ಷೆಗೆ ಬೇಕಾದದ್ದು ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು. ಎಂಟು ಗಣ ಎಂದು ಹೇಳಿಸಿದೆ, ತಪ್ಪಿದವರ ಕೈಗೆ ಬೆತ್ತದ ರುಚಿ ತೋರಿಸಿದೆ, ಮುಂದಿನ ಪಾಠಕ್ಕೆ ಹೋದೆ. ಕಾರಣವನ್ನು ಕೇಳುವ ಅಭ್ಯಾಸವನ್ನು ಒಂಬತ್ತನೆಯ ತರಗತಿಯಲ್ಲೇ ಅವನಿಂದ ಕಸಿದುಕೊಂಡವನು ನಾನು. ತರಬೇತಿ ಕೇಂದ್ರದವರು ನನ್ನ ಕೆಲಸವನ್ನೇ ಮುಂದುವರಿಸಿದರು. ಗುಮಾಸ್ತರು ಗೋದಾಮಿನಲ್ಲಿ ಬುತ್ತಿ ಬಿಚ್ಚದೆ ಕುಳಿತ ಆ ದಿನಕ್ಕೆ ನನ್ನದೂ ಒಂದು ಪಾಲಿದೆ. ನನ್ನ ಬೆತ್ತ ತಿಂದ ನೀವೆಲ್ಲ ಇದನ್ನು ನನ್ನ ತಪ್ಪೊಪ್ಪಿಗೆಯೆಂದೇ ಓದಬೇಕು.

ಹಾಗೆಂದು ಬಾಯಿಪಾಠವನ್ನು ಪೂರ್ತಿಯಾಗಿ ತಳ್ಳಿಹಾಕುವವನಲ್ಲ. ಮಗ್ಗಿ ಬಾರದವನು ಗಣಿತ ಮಾಡಲಾರ. ಕೇಬಲ್ಲಿನ ತುದಿಗೆ ಕನೆಕ್ಟರ್ ಕೂರಿಸುವಾಗ ಎಂಟು ತಂತಿಗಳನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಜೋಡಿಸುವುದನ್ನು ನಾನೂ ಬಾಯಿಪಾಠವೇ ಮಾಡಿದೆ. ನಾನು ಕೂರಿಸಿದ ಮೊದಲ ಆರು ಕನೆಕ್ಟರುಗಳು ಕಸದ ಬುಟ್ಟಿ ಸೇರಿದವು. ಕೆಲಸದ ವೇಗಕ್ಕೆ ಕಂಠಪಾಠ ಬೇಕು. ಆದರೆ ಹಸಿರು ತಂತಿಯ ಜೋಡಿಯ ನಡುವೆ ನೀಲಿ ಜೋಡಿ ಏಕೆ ತೂರಿಕೊಂಡಿದೆ ಎಂದು ಕೇಳಿದ ಮೇಲೆಯೇ ಆ ಕ್ರಮ ನನಗೆ ಮರೆಯದಂತಾದದ್ದು. ನಡುವಿನ ಎರಡು ಸ್ಥಾನಗಳು ಹಳೆಯ ದೂರವಾಣಿ ಜೋಡಣೆಯಿಂದ ಬಂದವು. ಅವುಗಳನ್ನು ಉಳಿಸಿಕೊಂಡು ಉಳಿದ ಜೋಡಿಗಳು ಆಚೀಚೆ ಕುಳಿತವು. ಕಾರಣ ಗೊತ್ತಾದ ಮೇಲೆ ನೆನಪು ಹೊರೆಯಾಗುವುದಿಲ್ಲ.

ಇನ್ನೊಂದು ವಿಷಯವನ್ನು ತಂದೆತಾಯಿಗಳು ಗಮನಿಸಬೇಕು. ಗುಂಡಿಗಳು ಬದಲಾಗುತ್ತವೆ. ನಮ್ಮ ಹುಡುಗ ಬಾಯಿಪಾಠ ಮಾಡಿದ್ದು ವಿಂಡೋಸ್ ಎಕ್ಸ್‌ಪಿಯ ಗುಂಡಿಗಳನ್ನು. ಅದಕ್ಕೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಪ್ರತಿ ಸಲವೂ ಚೌಕಗಳು ಜಾಗ ಬದಲಿಸಿವೆ, ಬಣ್ಣ ಬದಲಿಸಿವೆ. ಆದರೆ ಆ ಚೌಕದೊಳಗೆ ತುಂಬುವ ವಿಳಾಸದ ತತ್ತ್ವವು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬವರ 1974ರ ಪ್ರಬಂಧದಿಂದ ಹೊರಟು, 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಜಾರಿಗೆ ಬಂತು, ಇಂದಿಗೂ ನಡೆಯುತ್ತಿದೆ. ಮಂಡಿ, ಕಚೇರಿಗಳ ಒಳಬಳಕೆಗೆಂದು 192.168 ಮೊದಲಾದ ವಿಳಾಸಗಳನ್ನು ಮೀಸಲಿಟ್ಟ ನಿಯಮ 1996ರದು. ಅದೂ ಹಾಗೆಯೇ ಇದೆ. ಇನ್ನೂ ಉದ್ದದ ಹೊಸ ಬಗೆಯ ವಿಳಾಸಗಳು ಬಂದಿವೆಯಾದರೂ ಕೇರಿ, ಮನೆ, ಊರಬಾಗಿಲು ಎಂಬ ವಿಚಾರ ಬದಲಾಗಿಲ್ಲ. ಮೂರು ತಿಂಗಳ ಶುಲ್ಕವನ್ನು ಐದು ವರ್ಷದಲ್ಲಿ ಹಳಸುವ ಗುಂಡಿಗಳಿಗೆ ಕೊಡಬೇಕೋ, ನಲವತ್ತು ವರ್ಷ ಬಾಳಿದ ತತ್ತ್ವಕ್ಕೆ ಕೊಡಬೇಕೋ ಯೋಚಿಸಿ.

“ಈಗ ಎಲ್ಲವೂ ತಾನಾಗಿ ಆಗುತ್ತದಲ್ಲ, ಇದನ್ನೆಲ್ಲ ಏಕೆ ಕಲಿಯಬೇಕು?” ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ತಾನಾಗಿ ಆಗುವುದು ಬಹಳ ಸಂತೋಷದ ಸಂಗತಿ, ಅದು ನಿಲ್ಲುವವರೆಗೆ. ನಮ್ಮ ಮಂಡಿಯಲ್ಲಿ ತೊಂದರೆ ತಂದದ್ದೂ ತಾನಾಗಿ ವಿಳಾಸ ಹಂಚಿದ ವ್ಯವಸ್ಥೆಯೇ. 2017ರ ಮೇ 12ರಂದು ವಾನಾಕ್ರೈ ಎಂಬ ಪೀಡೆ ಜಗತ್ತಿನ ನೂರೈವತ್ತರಷ್ಟು ದೇಶಗಳ ಕಂಪ್ಯೂಟರುಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ಹರಡಿದ್ದು ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಹಂಚಿಕೊಳ್ಳುವ ಹಳೆಯ ಏರ್ಪಾಡಿನಲ್ಲಿದ್ದ ಬಿರುಕಿನ ಮೂಲಕ. ಆ ಬಿರುಕನ್ನು ಮುಚ್ಚುವ ಪರಿಷ್ಕರಣೆ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ, ಬಿಡುಗಡೆಯಾಗಿತ್ತು. ಅದನ್ನು ಹಾಕಿಕೊಂಡಿದ್ದವರು ಬಚಾವಾದರು. ಜಾಲದಲ್ಲಿ ಯಾವ ಬಾಗಿಲು ಏಕೆ ತೆರೆದಿದೆ ಎಂದು ತಿಳಿದವನು ಬೇಡದ್ದನ್ನು ಮುಚ್ಚುತ್ತಾನೆ. ಲೆಕ್ಕದ ಇನ್ನೊಂದು ಪ್ರತಿಯನ್ನು ಜಾಲದಿಂದ ಹೊರಗೆ, ಬೇರೆ ಡಿಸ್ಕಿನಲ್ಲಿ, ಬೀಗ ಹಾಕಿ ಇಡುತ್ತಾನೆ. ತಿಳಿಯದವನು “ನಡೆಯುತ್ತಿದೆಯಲ್ಲ” ಎಂದು ಸುಮ್ಮನಿರುತ್ತಾನೆ.

ಇನ್ನು ಬರೆದಿಡುವ ಮಾತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ವರ್ಗವಾದರೆ ಸುಮ್ಮನೆ ಎದ್ದು ಹೋಗುವಂತಿಲ್ಲ. ದಾಸ್ತಾನು ಪುಸ್ತಕ ತೆಗೆದು, ಬೆಂಚು ಎಷ್ಟು, ಭೂಪಟ ಎಷ್ಟು, ಗಂಟೆ ಒಂದು, ಬೀಗದ ಕೈ ಐದು ಎಂದು ಎಣಿಸಿ, ಚಾರ್ಜು ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಗಂಟೆ ಬಾರಿಸುವ ಮರದ ಕೊಡತಿಗೂ ಲೆಕ್ಕವಿರುತ್ತದೆ. ಆದರೆ ಲಕ್ಷಾಂತರ ರೂಪಾಯಿಯ ವ್ಯವಹಾರ ನಡೆಯುವ ಜಾಲದ ವಿವರ ಒಬ್ಬ ಹುಡುಗನ ತಲೆಯಲ್ಲಿದ್ದು, ಅವನೊಂದಿಗೇ ಬೆಂಗಳೂರಿನ ಬಸ್ಸು ಹತ್ತುತ್ತದೆ. ನಾನು ಮಂಡಿಯಲ್ಲಿ ಮಾಡಿದ ನಿಜವಾದ ಕೆಲಸವೆಂದರೆ ಇನ್ನೂರು ಪುಟದ ಒಂದು ಪುಸ್ತಕಕ್ಕೆ ಗೆರೆ ಹಾಕಿದ್ದು. ಯಂತ್ರ ಯಾವುದು, ಯಾವ ಮೇಜಿನದು, ಯಾರು ಬಳಸುತ್ತಾರೆ, ವಿಳಾಸವೇನು, ಯಾವ ದಿನ ಏನು ಬದಲಾಯಿತು, ಏಕೆ, ಬದಲಾಯಿಸಿದವರ ಸಹಿ. ಎಲ್ಲವೂ ಕನ್ನಡದಲ್ಲಿ. ಗುಪ್ತಪದಗಳನ್ನು ಅದರಲ್ಲಿ ಬರೆಯಲಿಲ್ಲ. ಅವು ಲಕೋಟೆಯಲ್ಲಿ ಮೊಹರಾಗಿ ತಿಜೋರಿ ಸೇರಿದವು. ಪುಸ್ತಕವನ್ನು ಗುಮಾಸ್ತರ ಕೈಗೆ ಕೊಟ್ಟೆ.

ಕೊಟ್ಟದ್ದು ಸಾರ್ಥಕವಾಯಿತು. ಮುಂದೆ ಯಾವ ರಿಪೇರಿಯವನು ಬಂದರೂ ಅವರು ಪಕ್ಕದಲ್ಲಿ ಕುಳಿತು, “ಏನು ಬದಲಾಯಿಸಿದಿರಿ? ಏಕೆ?” ಎಂದು ಕೇಳಿ ಬರೆದುಕೊಂಡೇ ಕಳುಹಿಸುತ್ತಿದ್ದರು. ಉತ್ತರ ಹೇಳಲಾರದವರನ್ನು ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. ಇಂಗ್ಲಿಷ್ ಬಾರದ ಆ ಹಿರಿಯರು ತಮ್ಮ ಮಂಡಿಯ ಜಾಲವನ್ನು ಪ್ರಮಾಣಪತ್ರ ಪಡೆದವರಿಗಿಂತ ಚೆನ್ನಾಗಿ ಬಲ್ಲವರಾದರು. ಇದರಿಂದ ನಾನು ಕಲಿತದ್ದು: ನಮ್ಮ ಮಕ್ಕಳಿಗೆ ಈ ವಿದ್ಯೆ ಕಷ್ಟವಾಗುವುದು ಅದು ಕಷ್ಟದ್ದಾದುದರಿಂದಲ್ಲ, ಅವರ ಮಾತಿನಲ್ಲಿ ಯಾರೂ ವಿವರಿಸದೆ ಇರುವುದರಿಂದ. ಗೇಟ್‌ವೇ, ಮಾಸ್ಕ್, ಪಿಂಗ್ ಎಂಬ ಹೆಸರುಗಳು ಹಾಗೆಯೇ ಇರಲಿ, ಅವಕ್ಕೆ ಹಟದಿಂದ ಸಂಸ್ಕೃತ ಪದ ಹೊಸೆಯಬೇಕಿಲ್ಲ. ವಿವರಣೆ ಮಾತ್ರ ಕನ್ನಡದಲ್ಲಿ ಆಗಲಿ. ತಂತ್ರಜ್ಞಾನದಲ್ಲಿರುವ ನನ್ನ ವಿದ್ಯಾರ್ಥಿಗಳೇ, ಈ ಋಣ ನಿಮ್ಮ ಮೇಲಿದೆ.

ಪತ್ರ ಬರೆದವರಿಗೆ ನಾನು ಕೊಟ್ಟ ಉತ್ತರ ಇದು. ಆ ಕೇಂದ್ರಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ. ಮಕ್ಕಳ ಕೈಗೆ ನಿಜವಾದ ಕೇಬಲ್ಲು, ಸ್ವಿಚ್ಚು, ಯಂತ್ರಗಳನ್ನು ಕೊಡುತ್ತೀರಾ? ಬೇಕೆಂದೇ ಕೆಡಿಸಿ, ಮತ್ತೆ ಸರಿಪಡಿಸಲು ಬಿಡುತ್ತೀರಾ? ಮಾಡಿದ್ದನ್ನು ಬರೆಸುತ್ತೀರಾ? ಮೂರಕ್ಕೂ ಹೌದೆಂದರೆ ಸೇರಿಸಿ. ಹಳೆಯ ಪ್ರಶ್ನೆಗಳ ಕಟ್ಟನ್ನು ಕೊಟ್ಟು, ಉತ್ತರ ಉರುಹೊಡೆದರೆ ಪರೀಕ್ಷೆ ಪಾಸಾಗುತ್ತದೆ ಎಂದರೆ ಎದ್ದು ಬನ್ನಿ. ಅಂಥ ಕೇಂದ್ರ ಸಿಗದಿದ್ದರೆ ಎರಡು ಹಳೆಯ ಕಂಪ್ಯೂಟರು, ಒಂದು ಸ್ವಿಚ್ಚು ತೆಗೆದುಕೊಡಿ. ಮೊದಲ ದಿನದ ಪಾಠವಾಗಿ ಎರಡಕ್ಕೂ ಒಂದೇ ವಿಳಾಸ ಕೊಡಲಿ. ಮೂಲೆಯಲ್ಲಿ ಬರುವ ಆ ಚೌಕವನ್ನು ಮುಚ್ಚದೆ ಓದಲಿ. ಓದಿದ್ದನ್ನು ನಿಮ್ಮ ಮನೆಯಲ್ಲಿರುವ ಇಂಗ್ಲಿಷ್ ಬಾರದ ಹಿರಿಯರಿಗೆ ಕನ್ನಡದಲ್ಲಿ ವಿವರಿಸಲಿ. ಅವರಿಗೆ ಅರ್ಥವಾದರೆ ಹುಡುಗನಿಗೂ ಅರ್ಥವಾಗಿದೆ ಎಂದು ತಿಳಿಯಿರಿ.

ಗುಮಾಸ್ತರು 2014ರಲ್ಲಿ ಕೆಲಸ ಬಿಟ್ಟು ಮಗನ ಮನೆಗೆ ಹೋದರು. ಹೊರಡುವ ದಿನ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹೊಸಬನ ಜೊತೆ ಒಂದೊಂದು ಯಂತ್ರದ ಮುಂದೂ ನಿಂತು ವಿಳಾಸ ಹೋಲಿಸಿ ನೋಡಿ, ಚಾರ್ಜು ಪಟ್ಟಿಗೆ ಇಬ್ಬರೂ ಸಹಿ ಹಾಕಿದರಂತೆ. ಈಗ ಆ ಮಂಡಿಯಲ್ಲಿ ಬರೆಯುತ್ತಿರುವುದು ಮೂರನೆಯ ಪುಸ್ತಕ. ಮೊದಲನೆಯದರ ಮೊದಲ ಪುಟದಲ್ಲಿ ಅವರ ಅಚ್ಚುಕಟ್ಟಾದ ಅಕ್ಷರದಲ್ಲಿ 192.168.1.2 ಎಂಬುದರ ಎದುರು ಅವರ ಹೆಸರು ಇಂದಿಗೂ ಇದೆ.

ಇಂತು ನಿಮ್ಮ,
ಮೇಷ್ಟ್ರು